ಮುರಿದ ಸೊಂಟಕ್ಕೆ ಎಷ್ಟು ವರ್ಷ ಸಜೆ?

ಮನೆಯಲ್ಲಿ ಒಬ್ಬರೇ ಇದ್ದ ಎಂಬತ್ತರ ಅಜ್ಜಿಯ ಕೊರಳ ಸರಕ್ಕೆ ಕೈ ಹಾಕಿದ ಕಳ್ಳ ಅವರನ್ನು ನೆಲಕ್ಕೆ ತಳ್ಳಿ ಓಡುತ್ತಾನೆ. ಸೊಂಟದ ಮೂಳೆ ಮುರಿಯುತ್ತದೆ. ಇನ್ನೊಂದು ಬೀದಿಯಲ್ಲಿ ಅಂಥದೇ ಕಳ್ಳ ಮೂವತ್ತರ ಯುವಕನನ್ನು ತಳ್ಳುತ್ತಾನೆ. ಮುಂಗೈ ಮೂಳೆ ಮುರಿಯುತ್ತದೆ. ಆಸ್ಪತ್ರೆಯವರು ಕೊಡುವ ಗಾಯದ ಪ್ರಮಾಣಪತ್ರದಲ್ಲಿ ಎರಡಕ್ಕೂ ಒಂದೇ ಷರಾ: ಮೂಳೆ ಮುರಿತ, ತೀವ್ರ ಸ್ವರೂಪದ ಗಾಯ. ಯುವಕ ಕೆಲವು ವಾರ ಪಟ್ಟಿ ಕಟ್ಟಿಸಿಕೊಂಡು ಕೆಲಸಕ್ಕೆ ಮರಳುತ್ತಾನೆ. ಅಜ್ಜಿಗೆ ಶಸ್ತ್ರಚಿಕಿತ್ಸೆ, ಹಾಸಿಗೆ, ಬೆನ್ನಿನ ಹುಣ್ಣು, ಶ್ವಾಸಕೋಶದ ಸೋಂಕು. ಇಷ್ಟನ್ನೂ ದಾಟಿ ಬದುಕಿದರೆ, ಬಚ್ಚಲಿಗೆ ಹೋಗಲೂ ಇನ್ನೊಬ್ಬರ ತೋಳು ಬೇಕು. ದಂಡಸಂಹಿತೆಯ ಪ್ರಕಾರ ಎರಡೂ ಮುರಿದ ಮೂಳೆಗಳೇ.

ಹಿರಿಯರ ಮೇಲೆ ಕ್ರೂರ ಹಲ್ಲೆಯೋ ಕೊಲೆಯೋ ನಡೆದಾಗಲೆಲ್ಲ ‘ಗಲ್ಲಿಗೇರಿಸಿ’ ಎಂಬ ಕೂಗು ಏಳುತ್ತದೆ. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಎಷ್ಟು ವರ್ಷ ಸಜೆ ಎನ್ನುವುದಕ್ಕೂ ಮೊದಲು ಕೇಳಬೇಕಾದ ಎರಡು ಪ್ರಶ್ನೆಗಳಿವೆ. ಮುಪ್ಪಿನ ಮೈಗೆ ಬಿದ್ದ ಏಟಿನ ನಿಜವಾದ ತೂಕವನ್ನು ನಮ್ಮ ಕಾನೂನು ಅಳೆಯುತ್ತದೆಯೇ? ಏಟು ತಿಂದವರು ಬದುಕಿರುವಾಗಲೇ ಅವರ ಮಾತನ್ನು ನ್ಯಾಯಾಲಯ ಕೇಳಿಸಿಕೊಳ್ಳುತ್ತದೆಯೇ? ಕಾಯ್ದೆ, ತೀರ್ಪುಗಳನ್ನು ಒಂದೊಂದಾಗಿ ನೋಡುತ್ತ ಹೋದರೆ ಎರಡಕ್ಕೂ ಸಿಗುವ ಉತ್ತರ ಸಮಾಧಾನ ತರುವಂಥದ್ದಲ್ಲ. ಶಿಕ್ಷೆಯ ಗರಿಷ್ಠ ಮಿತಿಯನ್ನು ಎಷ್ಟು ಏರಿಸಿದರೂ ಈ ಎರಡು ಕೊರತೆ ತುಂಬುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಅಂಕಿ ಅಂಶ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಹಿರಿಯ ನಾಗರಿಕರ ಮೇಲಿನ ಅಪರಾಧಗಳನ್ನು ತನ್ನ ವಾರ್ಷಿಕ ವರದಿಯಲ್ಲಿ ಪ್ರತ್ಯೇಕವಾಗಿ ಕೊಡುತ್ತದೆ. 2021ರಲ್ಲಿ ದೇಶದಲ್ಲಿ ಇಂಥ 26,110 ಪ್ರಕರಣ ದಾಖಲಾಗಿದ್ದವು, 2022ರಲ್ಲಿ 28,545. ಈ ಎರಡನೆಯ ಸಂಖ್ಯೆಯಲ್ಲಿ ನೂರಕ್ಕೆ 27ರಷ್ಟು ‘ಸಾಮಾನ್ಯ ಗಾಯ’ದವು. 2011ರ ಜನಗಣತಿಯ ಹೊತ್ತಿಗೇ ಅರವತ್ತು ದಾಟಿದವರು ಹತ್ತು ಕೋಟಿಗೂ ಹೆಚ್ಚಿದ್ದ ದೇಶದಲ್ಲಿ ಇದು ಬಹಳ ಸಣ್ಣ ಸಂಖ್ಯೆ. ವಯಸ್ಸಾದವರ ಸ್ಥಿತಿಗತಿ ಕುರಿತು 2017–18ರಲ್ಲಿ ನಡೆದ ಲಾಸಿ ಸಮೀಕ್ಷೆಯಲ್ಲಿ, ಹಿಂದಿನ ಒಂದು ವರ್ಷದಲ್ಲಿ ತಮ್ಮನ್ನು ಕೆಟ್ಟದಾಗಿ ನಡೆಸಿಕೊಂಡರು ಎಂದು ಹೇಳಿಕೊಂಡ ಹಿರಿಯರು ನೂರಕ್ಕೆ ಸುಮಾರು ಐವರು. ಅವರೆಲ್ಲರೂ ಹೊಡೆತ ತಿಂದವರಲ್ಲ, ನಿಜ. ಆದರೂ ಇವೆರಡನ್ನು ಪಕ್ಕಪಕ್ಕ ಇಟ್ಟರೆ ಠಾಣೆಯ ಮೆಟ್ಟಿಲು ಹತ್ತುವವರು ಎಷ್ಟು ಕಡಿಮೆ ಎಂಬುದು ಗೊತ್ತಾಗುತ್ತದೆ.

ಕಾನೂನಿಗೆ ವಯಸ್ಸು ಕಾಣುವುದೇ ಇಲ್ಲ ಎನ್ನುವಂತಿಲ್ಲ. ಕಾಣುತ್ತದೆ; ಆದರೆ ಬೇರೆಯವರ ವಯಸ್ಸು. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧವಾದರೆ, ಅರವತ್ತು ದಾಟಿದ ಆರೋಪಿಯನ್ನು ಬಂಧಿಸಲು ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಪೂರ್ವಾನುಮತಿ ಬೇಕೆಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಪ್ರಕ್ರಿಯಾ ಕಾಯ್ದೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಹೇಳುತ್ತದೆ. ಗಲ್ಲುಶಿಕ್ಷೆಯ ಬಗ್ಗೆ ಇಂದಿಗೂ ಆಧಾರವಾಗಿರುವ 1980ರ ಬಚನ್ ಸಿಂಗ್ ತೀರ್ಪಿನಲ್ಲಿ, ಶಿಕ್ಷೆ ತಗ್ಗಿಸುವ ಅಂಶಗಳ ಪಟ್ಟಿಯೊಳಗೆ ಆರೋಪಿಯ ಎಳೆ ವಯಸ್ಸು ಇಲ್ಲವೇ ಇಳಿವಯಸ್ಸು ಸೇರಿದೆ. ಇವೆರಡೂ ಮಾನವೀಯವಾದ ನಿಯಮಗಳು, ಉಳಿಯಬೇಕಾದವು. ಇನ್ನು ಸಾಕ್ಷ್ಯ ಕಾಯ್ದೆ. ಪ್ರಶ್ನೆ ಅರ್ಥವಾಗದಷ್ಟು ‘ಅತಿ ಮುಪ್ಪು’ ಬಂದವರು ಸಾಕ್ಷಿ ನುಡಿಯಲು ಯೋಗ್ಯರಲ್ಲ ಎಂದು 1872ರ ಕಾಯ್ದೆಯ 118ನೇ ಕಲಮು ಹೇಳಿತ್ತು. ಹೊಸ ಸಾಕ್ಷ್ಯ ಅಧಿನಿಯಮದಲ್ಲೂ ಆ ಮಾತು ಹಾಗೆಯೇ ಉಳಿದಿದೆ. ಅಂದರೆ ಮುಪ್ಪು ಆರೋಪಿಗೆ ರಿಯಾಯಿತಿ ತರುತ್ತದೆ, ಸಾಕ್ಷಿಯ ಮೇಲೆ ಅನುಮಾನ ತರುತ್ತದೆ. ಅದೇ ಮುಪ್ಪು ಏಟು ತಿಂದವರದಾದಾಗ ದಂಡಸಂಹಿತೆಯಲ್ಲಿ ಅದಕ್ಕೊಂದು ಜಾಗವೇ ಇಲ್ಲ.

ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯನ್ನು ಬರೆಯುವಾಗ ಮಹಿಳೆ ಮತ್ತು ಮಕ್ಕಳ ಮೇಲಿನ ಅಪರಾಧಗಳನ್ನೆಲ್ಲ ಒಟ್ಟುಗೂಡಿಸಿ ಐದನೇ ಅಧ್ಯಾಯ ಮಾಡಿದರು. ಒಳ್ಳೆಯ ಕೆಲಸ. ಹಿರಿಯರಿಗೆ ಅಂಥ ಅಧ್ಯಾಯವಿಲ್ಲ, ಒಂದು ಉಪಕಲಮೂ ಇಲ್ಲ. ಹುಡುಕಿದರೆ ಕೈಗೆ ಸಿಗುವುದು 357ನೇ ಕಲಮು. ಕಾಯಿಲೆಯಿಂದಲೋ ದೇಹದ ದೌರ್ಬಲ್ಯದಿಂದಲೋ ಅಸಹಾಯಕರಾದವರನ್ನು ನೋಡಿಕೊಳ್ಳುತ್ತೇನೆಂದು ಒಪ್ಪಂದ ಮಾಡಿಕೊಂಡವರು ಬೇಕೆಂದೇ ಕೈಬಿಟ್ಟರೆ ಮೂರು ತಿಂಗಳವರೆಗೆ ಸಜೆ, ಇಲ್ಲವೇ ಐದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಐಪಿಸಿಯಲ್ಲಿ ಈ ದಂಡ ಇನ್ನೂರು ರೂಪಾಯಿ ಇತ್ತು. 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಪಾಲನೆ ಮತ್ತು ಕಲ್ಯಾಣ ಕಾಯ್ದೆಯ 24ನೇ ಕಲಮಿನಲ್ಲೂ ಇದೇ ಅಳತೆ: ಹಿರಿಯರನ್ನು ಬೀದಿಗೆ ಬಿಟ್ಟುಹೋದ ಮಗನಿಗೂ ಮೂರು ತಿಂಗಳು, ಐದು ಸಾವಿರ. ಇದನ್ನು ಬಿಗಿಗೊಳಿಸಲು, ಹಿಂಸೆಯನ್ನೂ ಅದರ ವ್ಯಾಪ್ತಿಗೆ ತರಲು 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡಿಸಿದ ತಿದ್ದುಪಡಿ ಮಸೂದೆ ಕಾಯ್ದೆಯಾಗದೆ ಉಳಿಯಿತು.

ಬಲಿಯಾದವರ ಮುಪ್ಪಿಗೆ ನ್ಯಾಯಾಲಯ ಸ್ಪಷ್ಟವಾಗಿ ತೂಕ ಕೊಟ್ಟದ್ದು 1983ರ ಮಚ್ಛಿ ಸಿಂಗ್ ಪ್ರಕರಣದಲ್ಲಿ. ಪಂಜಾಬಿನಲ್ಲಿ ಒಂದು ಮನೆತನದ ದ್ವೇಷಕ್ಕೆ ಹದಿನೇಳು ಜೀವಗಳು ಹೋಗಿದ್ದವು. ‘ಅಪರೂಪದಲ್ಲಿ ಅಪರೂಪ’ ಎಂದರೇನು ಎಂದು ಬಿಡಿಸಿ ಹೇಳುತ್ತ ಸುಪ್ರೀಂ ಕೋರ್ಟ್ ಐದು ಬಗೆಗಳನ್ನು ಗುರುತಿಸಿತು. ಐದನೆಯದು ಕೊಲೆಯಾದವರು ಯಾರು ಎಂಬುದಕ್ಕೆ ಸಂಬಂಧಿಸಿದ್ದು. ಮುಗ್ಧ ಮಗು, ಅಸಹಾಯಕ ಹೆಂಗಸು, ಮುಪ್ಪಿನಿಂದಲೋ ದೌರ್ಬಲ್ಯದಿಂದಲೋ ಅಸಹಾಯಕರಾದವರು, ಕೊಂದವನನ್ನೇ ನಂಬಿ ಅವನ ಅಧೀನದಲ್ಲಿದ್ದವರು ಅಲ್ಲಿ ಬರುತ್ತಾರೆ. ಹಿರಿಯರಿಗೆ ಸಂಬಂಧಿಸಿದಂತೆ ಈ ಮಾತಿನ ಮಹತ್ವ ದೊಡ್ಡದು. ಆದರೆ ಅದರ ಮಿತಿಯೂ ಅಷ್ಟೇ ದೊಡ್ಡದು. ಅದು ಕೊಲೆಗೆ ಮಾತ್ರ, ಅದರಲ್ಲೂ ಗಲ್ಲೋ ಜೀವಾವಧಿಯೋ ಎಂಬ ಕವಲಿನಲ್ಲಿ ಮಾತ್ರ ಕೆಲಸಕ್ಕೆ ಬರುವ ಮಾತು. ಹೊಡೆತ ತಿಂದು ಬದುಕುಳಿದವರಿಗೆ, ಬಾಯಿಗೆ ಬಟ್ಟೆ ತುರುಕಿಸಿಕೊಂಡು ಜೀವ ಉಳಿಸಿಕೊಂಡವರಿಗೆ, ಮಗನ ಒದೆ ತಿನ್ನುವವರಿಗೆ ಮಚ್ಛಿ ಸಿಂಗ್ ಪಟ್ಟಿಯಿಂದ ನೇರ ಪ್ರಯೋಜನವಿಲ್ಲ.

ಕೊಲೆ ಪ್ರಕರಣಗಳಲ್ಲೂ ನ್ಯಾಯಾಲಯಗಳ ನಡೆ ಬದಲಾಗಿದೆ. 2011ರಲ್ಲಿ ಇಂದೋರಿನ ಮನೆಯೊಂದಕ್ಕೆ ದೋಚಲು ನುಗ್ಗಿದವರು ಅಜ್ಜಿ, ಮಗಳು, ಮೊಮ್ಮಗಳು ಮೂವರನ್ನೂ ಕೊಂದರು. ಕೆಳಗಿನ ನ್ಯಾಯಾಲಯ ಗಲ್ಲು ವಿಧಿಸಿತು, ಹೈಕೋರ್ಟ್ ಖಾಯಂ ಮಾಡಿತು. 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕನಿಷ್ಠ 25 ವರ್ಷ ಒಳಗಿರಬೇಕಾದ ಜೀವಾವಧಿಗೆ ಇಳಿಸಿತು. ಅಪರಾಧಿಯ ಹಿನ್ನೆಲೆ, ಮನಃಸ್ಥಿತಿ, ಜೈಲಿನಲ್ಲಿನ ನಡವಳಿಕೆಯ ಮಾಹಿತಿಯನ್ನು ವಿಚಾರಣೆಯ ಹಂತದಲ್ಲೇ ಸಂಗ್ರಹಿಸಬೇಕೆಂದು ಮನೋಜ್ ಪ್ರಕರಣದ ಆ ತೀರ್ಪು ಆದೇಶಿಸಿತು. ನಡುವೆ ಸಜೆ ಕಡಿತವಿಲ್ಲದ, ಇಂತಿಷ್ಟೇ ವರ್ಷವೆಂದು ಗೊತ್ತುಮಾಡಿದ ಈ ಜೀವಾವಧಿಯ ದಾರಿ ತೆರೆದದ್ದು 2008ರಲ್ಲಿ, ಕರ್ನಾಟಕದಿಂದಲೇ ಹೋದ ಸ್ವಾಮಿ ಶ್ರದ್ಧಾನಂದ ಪ್ರಕರಣದಲ್ಲಿ. ಗಲ್ಲಿಗೂ, ಹದಿನಾಲ್ಕು ವರ್ಷಕ್ಕೆ ಬಿಡುಗಡೆಯ ಅರ್ಜಿ ಹಾಕಬಹುದಾದ ಜೀವಾವಧಿಗೂ ನಡುವೆ ಇದ್ದ ದೊಡ್ಡ ಕಂದರಕ್ಕೆ ಅದು ಹಾಕಿದ ಸೇತುವೆ. 2015ರ ಶ್ರೀಹರನ್ ತೀರ್ಪಿನಲ್ಲಿ ಸಂವಿಧಾನ ಪೀಠ ಅದನ್ನು ಒಪ್ಪಿ, ಆ ಅಧಿಕಾರ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟಿಗೆ ಮಾತ್ರ ಎಂದಿತು. ಒಂಟಿ ವೃದ್ಧರನ್ನೇ ಆಯ್ದು ಕೊಲ್ಲುವವರ ಮಟ್ಟಿಗೆ ಇದು ನನಗೆ ಗಲ್ಲಿಗಿಂತ ಸರಿಯಾದ ಶಿಕ್ಷೆಯಾಗಿ ಕಾಣುತ್ತದೆ. ಇಂಥವರು ಮರಳಿ ಅದೇ ಬೀದಿಗೆ ಬರಬಾರದೆಂಬ ಜನರ ಭಯಕ್ಕೆ ಅದರಲ್ಲಿ ಉತ್ತರವಿದೆ. ತನಿಖೆಯಲ್ಲಿ ತಪ್ಪಾಗಿದ್ದರೆ ತಿದ್ದಿಕೊಳ್ಳಲು ಒಂದು ಜೀವವೂ ಉಳಿದಿರುತ್ತದೆ.

ಕೊಲೆಯ ಮಾತು ಇಲ್ಲಿಗೆ ಸಾಕು. ಬಹುಪಾಲು ಹಿರಿಯರಿಗೆ ಆಗುವುದು ಕೊಲೆಯಲ್ಲ, ಗಾಯ. ಕಾನೂನಿನ ಅಳತೆ ಸೋಲುವುದೂ ಅಲ್ಲೇ.

‘ತೀವ್ರ ಗಾಯ’ಕ್ಕೆ ಸಂಹಿತೆಯಲ್ಲಿ ಎಂಟು ಬಗೆ ಹೇಳಿದೆ. ಮೂಳೆ ಮುರಿಯುವುದು ಒಂದು, ಕಣ್ಣು ಹೋಗುವುದು ಇನ್ನೊಂದು, ಕಿವಿ ಹೋಗುವುದು ಮತ್ತೊಂದು. ಕೊನೆಯದು, ಇಷ್ಟು ದಿನ ತೀವ್ರ ನೋವಿನಲ್ಲಿರುವುದು ಅಥವಾ ದಿನದ ಕೆಲಸ ಮಾಡಲಾಗದಿರುವುದು. ಐಪಿಸಿಯಲ್ಲಿ ಇಪ್ಪತ್ತು ದಿನ ಇದ್ದದ್ದು ಈಗ ಹದಿನೈದಾಗಿದೆ. ಈ ದಿನದ ಲೆಕ್ಕದ ಹಿಂದಿರುವುದು ದುಡಿಯುವ ಮನುಷ್ಯನ ಚಿತ್ರ. ಕೂಲಿ ಎಷ್ಟು ದಿನ ತಪ್ಪಿತು ಎಂದು ಅದು ಕೇಳುತ್ತದೆ. ಎಪ್ಪತ್ತೆಂಟರ ನಿವೃತ್ತ ಮೇಷ್ಟ್ರ ‘ದಿನದ ಕೆಲಸ’ ಯಾವುದು? ಬೆಳಿಗ್ಗೆ ಹಾಲು ತರುವುದು, ದೇವಸ್ಥಾನದ ತನಕ ನಡೆಯುವುದು, ತನ್ನ ಬಟ್ಟೆ ತಾನೇ ಒಗೆದುಕೊಳ್ಳುವುದು. ಏಟು ಬಿದ್ದ ಮೇಲೆ ಅವರು ಗೇಟು ದಾಟಲು ಹೆದರುತ್ತಾರೆ, ಕೋಲು ಹಿಡಿಯುತ್ತಾರೆ, ಆಮೇಲೆ ಮಗಳ ಊರಿಗೆ ಹೋಗಿ ಒಂದು ಕೋಣೆಯಲ್ಲಿ ಉಳಿಯುತ್ತಾರೆ. ಗಾಯದ ಪ್ರಮಾಣಪತ್ರದಲ್ಲಿ ಇದಕ್ಕೊಂದು ಅಂಕಣವಿಲ್ಲ. ಆ ಪತ್ರ ಬರೆಯುವುದು ಗಾಯವಾದ ದಿನ. ಮುಪ್ಪಿನ ಗಾಯದ ನಿಜರೂಪ ತಿಳಿಯುವುದು ಆರು ತಿಂಗಳ ಮೇಲೆ.

ನ್ಯಾಯ ಸಂಹಿತೆಯಲ್ಲಿ ಹೊಸದಾಗಿ ಬಂದ 117ನೇ ಕಲಮಿನ ಮೂರನೇ ಉಪಕಲಮು ಈ ಕಾರಣಕ್ಕೆ ಬಹಳ ಮುಖ್ಯ. ತೀವ್ರ ಗಾಯ ಮಾಡುವಾಗ ಆ ವ್ಯಕ್ತಿಗೆ ಶಾಶ್ವತ ಅಂಗವೈಕಲ್ಯವಾದರೆ, ಇಲ್ಲವೇ ಪ್ರಜ್ಞೆ ಮರಳದ ಸ್ಥಿತಿ ಬಂದರೆ ಕನಿಷ್ಠ ಹತ್ತು ವರ್ಷ ಕಠಿಣ ಸಜೆ, ಗರಿಷ್ಠ ಜೀವಾವಧಿ. ಅದರಲ್ಲಿ ಮುಪ್ಪಿನ ಹೆಸರಿಲ್ಲ. ಆದರೂ ಸೊಂಟ ಮುರಿದು ಮತ್ತೆ ಏಳದ ಅಜ್ಜಿಗೆ ಇದಕ್ಕಿಂತ ಚೆನ್ನಾಗಿ ಒಪ್ಪುವ ಕಲಮು ನಮ್ಮಲ್ಲಿಲ್ಲ. ಅದನ್ನು ಬಳಸಬೇಕಾದರೆ ತನಿಖಾಧಿಕಾರಿ ಚಾರ್ಜ್‌ಶೀಟಿಗೆ ಮೊದಲ ದಿನದ ಪ್ರಮಾಣಪತ್ರವನ್ನಷ್ಟೇ ಲಗತ್ತಿಸಿ ಕೈತೊಳೆದುಕೊಳ್ಳುವಂತಿಲ್ಲ. ಕೆಲವು ತಿಂಗಳ ನಂತರ ಮೂಳೆ ವೈದ್ಯರಿಂದ ಇನ್ನೊಂದು ವರದಿ ತರಿಸಬೇಕು. ಗಾಯಕ್ಕೂ ಮುಂಚೆ ಅವರು ನಡೆದಾಡುತ್ತಿದ್ದರೇ, ಈಗ ಆಸರೆಯಿಲ್ಲದೆ ಏಳಬಲ್ಲರೇ, ಮುಂದೆ ಸುಧಾರಿಸುವ ಸಾಧ್ಯತೆ ಇದೆಯೇ ಎಂದು ಕೇಳಬೇಕು. ದೋಷಾರೋಪ ಹೊರಿಸಿದ ಮೇಲೂ ತೀರ್ಪಿಗೆ ಮುನ್ನ ಅದನ್ನು ಬದಲಿಸುವ ಅಧಿಕಾರ ನ್ಯಾಯಾಧೀಶರಿಗಿದೆ. ಸರ್ಕಾರಿ ಅಭಿಯೋಜಕರು ಕೇಳಬೇಕಷ್ಟೆ.

ಗಾಯದಿಂದ ಸಾವು ಬಂದಾಗ ಪ್ರಶ್ನೆ ಇನ್ನೂ ಸೂಕ್ಷ್ಮ. ‘ಗಟ್ಟಿ ಆಳಾಗಿದ್ದರೆ ಈ ಏಟಿಗೆ ಸಾಯುತ್ತಿರಲಿಲ್ಲ’ ಎಂಬ ವಾದಕ್ಕೆ ನಮ್ಮಲ್ಲಿ ಹಳೆಯ, ನೋವಿನ ಚರಿತ್ರೆಯಿದೆ. 1870ರ ದಶಕದಲ್ಲಿ ಆಗ್ರಾದ ಇಂಗ್ಲಿಷ್ ವಕೀಲನೊಬ್ಬ ತನ್ನ ಕುದುರೆಯಾಳಿಗೆ ಹೊಡೆದ. ಗುಲ್ಮ ಒಡೆದು ಆಳು ಸತ್ತ. ವಕೀಲನಿಗೆ ಬಿದ್ದದ್ದು ಮೂವತ್ತು ರೂಪಾಯಿ ದಂಡ. ಫುಲ್ಲರ್ ಪ್ರಕರಣ ಎಂದು ಹೆಸರಾದ ಅದನ್ನು ವೈಸರಾಯ್ ಲಿಟ್ಟನ್ ಬಹಿರಂಗವಾಗಿ ಖಂಡಿಸಬೇಕಾಯಿತು. ಸತ್ತವನ ರೋಗಿಷ್ಠ ದೇಹವೇ ಹೊಡೆದವನಿಗೆ ರಕ್ಷೆಯಾಗುವ ಅನ್ಯಾಯ ಅಲ್ಲಿ ಕಣ್ಣಿಗೆ ಕಟ್ಟುವಂತಿತ್ತು. ಸಂಹಿತೆಯ ಪಠ್ಯ ಮಾತ್ರ ಮೊದಲಿನಿಂದಲೂ ಇದಕ್ಕಿಂತ ನ್ಯಾಯವಾಗಿದೆ. ರೋಗ ಅಥವಾ ದೇಹದ ದೌರ್ಬಲ್ಯ ಇರುವವರಿಗೆ ಗಾಯ ಮಾಡಿ ಸಾವನ್ನು ಬೇಗ ತಂದವನು ಆ ಸಾವಿಗೆ ಕಾರಣನೇ ಎಂದು ಅದರ ವಿವರಣೆ ಹೇಳುತ್ತದೆ. ಎದುರಿನವರ ದೌರ್ಬಲ್ಯ ಗೊತ್ತಿದ್ದೂ, ಈ ಏಟು ಇವರಿಗೆ ಪ್ರಾಣಾಂತಿಕವಾದೀತೆಂದು ತಿಳಿದೂ ಬೇಕೆಂದೇ ಹೊಡೆದರೆ, ಆ ಏಟು ಗಟ್ಟಿ ಆಳನ್ನು ಕೊಲ್ಲುವಷ್ಟು ಜೋರಾಗಿಲ್ಲದಿದ್ದರೂ ಅದು ಕೊಲೆಯೇ ಆಗುತ್ತದೆ. ಗೊತ್ತಿರಲಿಲ್ಲವಾದರೆ ಅಪರಾಧದ ದರ್ಜೆ ಇಳಿಯುತ್ತದೆ.

ಇಲ್ಲಿ ಮುಪ್ಪಿಗೂ ರೋಗಕ್ಕೂ ಒಂದು ವ್ಯತ್ಯಾಸವಿದೆ. ಊದಿದ ಗುಲ್ಮ ಹೊರಗೆ ಕಾಣುವುದಿಲ್ಲ. ಬಿಳಿಗೂದಲು, ಬಾಗಿದ ಬೆನ್ನು, ನಡುಗುವ ಕೈ ಬಾಗಿಲು ತೆರೆದ ಕ್ಷಣಕ್ಕೇ ಕಾಣುತ್ತವೆ. ಎಷ್ಟೋ ಸಲ ಕಳ್ಳ ಆ ಮನೆಯನ್ನು ಆಯ್ದುಕೊಳ್ಳುವುದೇ ಅವು ಕಂಡದ್ದರಿಂದ. 1990ರ ದಶಕದ ಕೊನೆಯಲ್ಲಿ ಬೆಂಗಳೂರನ್ನು ನಡುಗಿಸಿದ ದಂಡುಪಾಳ್ಯದ ತಂಡ ಹಗಲಿನಲ್ಲಿ ಹೆಂಗಸರು, ವಯಸ್ಸಾದವರು ಒಂಟಿಯಾಗಿರುವ ಮನೆಗಳನ್ನು ನೋಡಿಟ್ಟುಕೊಂಡು ನೀರು ಕೇಳುವ ನೆಪದಲ್ಲಿ ಒಳಹೊಕ್ಕ ಕಥೆ ಆ ಕಾಲದ ಕನ್ನಡಿಗರಿಗೆಲ್ಲ ನೆನಪಿದೆ. ಆಯ್ಕೆಗೆ ಕಾರಣವಾದ ಮುಪ್ಪು, ಶಿಕ್ಷೆಯ ಹೊತ್ತಿಗೆ ‘ನನಗೆ ಗೊತ್ತಿರಲಿಲ್ಲ’ ಎಂಬ ವಾದಕ್ಕೆ ಎಡೆ ಕೊಡಬಾರದು. ಬಾಯಿಗೆ ಬಟ್ಟೆ ತುರುಕಿದ್ದು ಸುಮ್ಮನಿರಿಸಲು, ಕೊಲ್ಲಲು ಅಲ್ಲ ಎಂಬ ವಾದಕ್ಕೆ 1966ರಷ್ಟು ಹಿಂದೆಯೇ ಸುಪ್ರೀಂ ಕೋರ್ಟ್ ಉತ್ತರಿಸಿದೆ. ಕೊಚ್ಚಿಯ ನೌಕಾನೆಲೆಯಲ್ಲಿ ಹಣ ದೋಚಲು ಹೋದವರು ಅಧಿಕಾರಿಯೊಬ್ಬರ ಕೈಕಾಲು ಕಟ್ಟಿ, ಬಾಯಿಗೆ ಪಟ್ಟಿ ಅಂಟಿಸಿ, ಮೂಗಿಗೆ ಕ್ಲೋರೋಫಾರ್ಮ್ ಹತ್ತಿ ಇಟ್ಟಿದ್ದರು. ರಾಜವಂತ್ ಸಿಂಗ್ ಪ್ರಕರಣ ಅದು. ಬೇಕೆಂದೇ ಮಾಡಿದ ಆ ಕೃತ್ಯ ಸಹಜ ಗತಿಯಲ್ಲಿ ಸಾವು ತರುವಂಥದ್ದು, ಆದ್ದರಿಂದ ಕೊಲೆ ಎಂದಿತು ನ್ಯಾಯಾಲಯ. ದೃಢಕಾಯರ ವಿಷಯದಲ್ಲೇ ಹೀಗಾದರೆ, ಉಬ್ಬಸವಿರುವ ವೃದ್ಧರ ವಿಷಯದಲ್ಲಿ ಸಂಶಯಕ್ಕೆ ಜಾಗ ಇನ್ನೂ ಕಡಿಮೆ.

ಮುಪ್ಪು ಕಾಣದಿರುವುದು ಒಂದು ಬಗೆಯ ಅನ್ಯಾಯ. ಮುಪ್ಪನ್ನೇ ಬಲಿಪಶುವಿನ ವಿರುದ್ಧ ತಿರುಗಿಸುವುದು ಅದಕ್ಕಿಂತ ಕೆಟ್ಟದ್ದು. 2014ರಲ್ಲಿ ದೆಹಲಿ ಹೈಕೋರ್ಟ್ ಅರವತ್ತೈದು ದಾಟಿದ ಮಹಿಳೆಯೊಬ್ಬರ ಮೇಲಿನ ಅತ್ಯಾಚಾರದ ಆರೋಪದಿಂದ ಒಬ್ಬನನ್ನು ಖುಲಾಸೆ ಮಾಡುವಾಗ, ಆಕೆ ಮುಟ್ಟು ನಿಲ್ಲುವ ವಯಸ್ಸು ದಾಟಿದ್ದರೆಂಬುದನ್ನು ತೀರ್ಪಿನಲ್ಲಿ ಉಲ್ಲೇಖಿಸಿತು. ಒಪ್ಪಿಗೆಗೂ ಮುಟ್ಟಿಗೂ ಏನು ಸಂಬಂಧ? ಅತ್ಯಾಚಾರದ ಶಿಕ್ಷೆಯನ್ನು ಬಿಗಿಗೊಳಿಸುವ ಸಂದರ್ಭಗಳ ಪಟ್ಟಿಯಲ್ಲಿ ಅಂಗವಿಕಲರು, ಗರ್ಭಿಣಿಯರು, ಒಪ್ಪಿಗೆ ಕೊಡಲಾರದ ಸ್ಥಿತಿಯಲ್ಲಿರುವವರು ಇದ್ದಾರೆ. ಇಳಿವಯಸ್ಸಿನವರು ಇಲ್ಲ. ಸೇರಿಸಿದ್ದರೆ, ಆ ವಯಸ್ಸಿನಲ್ಲೂ ಇಂಥದ್ದು ನಡೆಯುತ್ತದೆ ಎಂಬ ಕಟು ಸತ್ಯವನ್ನಾದರೂ ಕಾನೂನು ಒಪ್ಪಿದಂತಾಗುತ್ತಿತ್ತು.

ಇನ್ನು ಎರಡನೆಯ ಪ್ರಶ್ನೆ, ಸಾಕ್ಷಿಯದು. ಶಿಕ್ಷೆಯ ಚರ್ಚೆಯಲ್ಲಿ ಇದನ್ನು ಯಾರೂ ಎತ್ತುವುದಿಲ್ಲ. ಆದರೆ ಹಿರಿಯರ ಪ್ರಕರಣಗಳ ಹಣೆಬರಹ ಬರೆಯುವುದು ಬಹಳ ಸಲ ಇದೇ.

ದರೋಡೆಯಾದ ಎಂಬತ್ತೆರಡರ ಹಿರಿಯರು ಪೊಲೀಸರಿಗೆ ಎಲ್ಲವನ್ನೂ ಹೇಳುತ್ತಾರೆ. ಆರೋಪಿಯನ್ನು ಗುರುತಿನ ಪೆರೇಡಿನಲ್ಲಿ ತೋರಿಸುತ್ತಾರೆ. ಚಾರ್ಜ್‌ಶೀಟ್ ಸಲ್ಲಿಕೆಯಾಗಿ ಸೆಷನ್ಸ್ ನ್ಯಾಯಾಲಯದಲ್ಲಿ ಸಾಕ್ಷಿ ವಿಚಾರಣೆಗೆ ದಿನ ಬರುವಷ್ಟರಲ್ಲಿ ಮೂರು ನಾಲ್ಕು ವರ್ಷ. ಅಷ್ಟರಲ್ಲಿ ಅವರು ಹೃದಯಾಘಾತದಿಂದಲೋ ಬೇರೆ ಕಾಯಿಲೆಯಿಂದಲೋ ತೀರಿಕೊಂಡರೆ? ಪೊಲೀಸರಿಗೆ ಕೊಟ್ಟ ಹೇಳಿಕೆ ಸಾಕ್ಷ್ಯವಲ್ಲ. ಮ್ಯಾಜಿಸ್ಟ್ರೇಟರ ಮುಂದೆ ಕೊಟ್ಟದ್ದೂ ಸ್ವತಂತ್ರ ಸಾಕ್ಷ್ಯವಾಗದು. ಕೊಟ್ಟವರು ಕಟಕಟೆಗೆ ಬಂದಾಗ ಅವರ ಮಾತಿಗೆ ಬೆಂಬಲವಾಗಿಯೋ ವಿರೋಧವಾಗಿಯೋ ಬಳಸಬಹುದು, ಅಷ್ಟೆ. ಮರಣಕಾಲದ ಹೇಳಿಕೆ ಎಂಬ ವಿನಾಯಿತಿ ಇದೆಯಲ್ಲ ಎನ್ನಬಹುದು. ಅದು ಆ ಸಾವಿನ ಕಾರಣಕ್ಕೆ ಸಂಬಂಧಿಸಿದ ಮಾತಿಗೆ ಮಾತ್ರ. ಬೇರೆ ಕಾಯಿಲೆಯಿಂದ ಸತ್ತವರು ಹಿಂದಿನ ದರೋಡೆಯ ಬಗ್ಗೆ ಹೇಳಿದ್ದು ಅದರಡಿ ಬರುವುದಿಲ್ಲ. ಹೀಗೆ, ಹೊಡೆದವನಿಗೆ ಕಾಲವೇ ವಕೀಲನಾಗಿ ನಿಲ್ಲುತ್ತದೆ. ಮುಖ್ಯ ಸಾಕ್ಷಿ ಇಲ್ಲದೆ ಬಿದ್ದುಹೋದ ಪ್ರಕರಣದಲ್ಲಿ ಗರಿಷ್ಠ ಶಿಕ್ಷೆ ಹತ್ತು ವರ್ಷವಿದ್ದರೇನು, ಜೀವಾವಧಿ ಇದ್ದರೇನು?

ಬದುಕಿದ್ದು ಕಟಕಟೆಗೆ ಬಂದವರ ಪಾಡೂ ಸುಲಭವಲ್ಲ. ಪಾಟೀಸವಾಲಿನಲ್ಲಿ ಕಣ್ಣಿನ ಪೊರೆಯ ಪ್ರಶ್ನೆ ಬರುತ್ತದೆ, ಕಿವಿಯ ಪ್ರಶ್ನೆ ಬರುತ್ತದೆ, ಮರೆವಿನ ಪ್ರಶ್ನೆ ಬರುತ್ತದೆ. ಆರೋಪಿಯ ವಕೀಲರು ಕೇಳಲೇಬೇಕಾದ ಪ್ರಶ್ನೆಗಳು ಅವು. ಕೇಳಬಾರದೆಂದು ನಾನು ಹೇಳಲಾರೆ. ಆದರೆ ಘಟನೆಯಾದ ಮೂರು ತಿಂಗಳಿಗೆ ಕೇಳಿದರೆ ಸಿಗುವ ಉತ್ತರ ಬೇರೆ, ನಾಲ್ಕು ವರ್ಷಕ್ಕೆ ಕೇಳಿದರೆ ಸಿಗುವುದು ಬೇರೆ.

ಇದಕ್ಕೆ ದಾರಿಗಳಿವೆ. ಸಾಕ್ಷ್ಯ ಅಧಿನಿಯಮದ ಪೂರ್ವ ಸಾಕ್ಷ್ಯ ಎಂಬ ಕಲಮಿನಡಿ, ನ್ಯಾಯಾಂಗ ಪ್ರಕ್ರಿಯೆಯಲ್ಲಿ ಎದುರು ಪಕ್ಷಕ್ಕೆ ಪಾಟೀಸವಾಲಿನ ಅವಕಾಶ ಕೊಟ್ಟು ದಾಖಲಿಸಿದ ಮಾತು, ಹೇಳಿದವರು ತೀರಿಕೊಂಡರೂ ಮುಂದಿನ ಹಂತದಲ್ಲಿ ಸಾಕ್ಷ್ಯವಾಗಿ ನಿಲ್ಲುತ್ತದೆ. ಕ್ಯಾಲಿಫೋರ್ನಿಯದಲ್ಲಿ 65 ದಾಟಿದ ಸಾಕ್ಷಿಯನ್ನು ವಿಚಾರಣೆಗೆ ಮುಂಚೆಯೇ, ಆರೋಪಿಯ ವಕೀಲರ ಸಮ್ಮುಖದಲ್ಲಿ ಪ್ರಶ್ನಿಸಿ ದಾಖಲಿಸಿಡುವ ವ್ಯವಸ್ಥೆ ಈ ತತ್ವದ ಮೇಲೇ ನಿಂತಿದೆ. ನಮ್ಮಲ್ಲೂ ಅರ್ಧ ದಾರಿ ಆಗಿದೆ. ಕೆಲವು ಗೊತ್ತಾದ ಅಪರಾಧಗಳಲ್ಲಿ, ದೈಹಿಕವಾಗಿ ಅಥವಾ ಮಾನಸಿಕವಾಗಿ ಅಶಕ್ತರಾದವರು, ಅದು ತಾತ್ಕಾಲಿಕವಾದರೂ ಸರಿ, ಮ್ಯಾಜಿಸ್ಟ್ರೇಟರಿಗೆ ಕೊಟ್ಟ ಹೇಳಿಕೆಯನ್ನೇ ಮುಖ್ಯ ವಿಚಾರಣೆಯೆಂದು ಪರಿಗಣಿಸಬೇಕು, ನೇರ ಪಾಟೀಸವಾಲಿಗೆ ಹೋಗಬಹುದು ಎಂದು ನಾಗರಿಕ ಸುರಕ್ಷಾ ಸಂಹಿತೆಯ 183ನೇ ಕಲಮು ಹೇಳುತ್ತದೆ. ಅರವತ್ತು ದಾಟಿದ ಗಂಡಸರನ್ನು, ಯಾವುದೇ ವಯಸ್ಸಿನ ಹೆಂಗಸರನ್ನು ಸಾಕ್ಷಿ ಹೇಳಿಕೆಗಾಗಿ ಠಾಣೆಗೆ ಬರಲೇಬೇಕೆಂದು ಪೊಲೀಸರು ಒತ್ತಾಯಿಸುವಂತಿಲ್ಲ, ಮನೆಗೇ ಹೋಗಬೇಕು. ಐಪಿಸಿಯ ಕಾಲದ ಪ್ರಕ್ರಿಯಾ ಸಂಹಿತೆಯಲ್ಲಿ ಗಂಡಸರ ವಯಸ್ಸಿನ ಮಿತಿ 65 ಇತ್ತು. 2022ರ ಜನವರಿಯಲ್ಲಿ ಸ್ಮೃತಿ ತುಕಾರಾಂ ಬಡಾಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ‘ದುರ್ಬಲ ಸಾಕ್ಷಿ’ ಎಂಬುದರ ವ್ಯಾಪ್ತಿಯನ್ನು ಮಕ್ಕಳಾಚೆಗೂ ಹಿಗ್ಗಿಸಿ, ನ್ಯಾಯಾಲಯಕ್ಕೆ ದುರ್ಬಲರೆಂದು ಕಂಡ ಯಾರನ್ನೂ ಅದರಲ್ಲಿ ಸೇರಿಸಬಹುದೆಂದಿತು. ಈ ಎಲ್ಲ ತುಂಡುಗಳನ್ನು ಒಂದಾಗಿ ಹೊಲಿದು, ಹಿರಿಯರ ಮೇಲಿನ ಹಿಂಸೆಯ ಪ್ರಕರಣದಲ್ಲಿ ದೋಷಾರೋಪ ಹೊರಿಸಿದ ಕೂಡಲೇ ಮೊದಲು ಅವರನ್ನೇ, ಬೇಕಾದರೆ ಮನೆಯಿಂದಲೇ ವಿಡಿಯೊ ಮೂಲಕ, ಪಾಟೀಸವಾಲಿನ ಸಮೇತ ವಿಚಾರಿಸಿ ಮುಗಿಸಬೇಕು ಎಂಬ ಒಂದು ನಿಯಮವನ್ನು ಹೈಕೋರ್ಟ್ ಮಾಡಿದರೂ ಸಾಕು. ಶಿಕ್ಷೆಯ ಅವಧಿಯನ್ನು ಇಮ್ಮಡಿಗೊಳಿಸುವುದಕ್ಕಿಂತ ಹೆಚ್ಚು ಅಪರಾಧಿಗಳು ಅದರಿಂದ ಜೈಲು ಕಾಣುತ್ತಾರೆ.

ದೋಷ ಸಾಬೀತಾದ ಮೇಲೆ ಶಿಕ್ಷೆಯ ಪ್ರಮಾಣದ ಕುರಿತು ಒಂದು ಕಲಾಪ ನಡೆಯುತ್ತದೆ. ಕಾನೂನಿನ ಪ್ರಕಾರ ಅಲ್ಲಿ ಕೇಳಲೇಬೇಕಾದ್ದು ಅಪರಾಧಿಯ ಮಾತನ್ನು. ಬಡವ, ಹೆಂಡತಿ ಮಕ್ಕಳಿದ್ದಾರೆ, ವಯಸ್ಸಾದ ತಂದೆತಾಯಿಯನ್ನು ನೋಡಿಕೊಳ್ಳುವವರಿಲ್ಲ ಎಂದು ವಕೀಲರು ಬೇಡಿಕೊಳ್ಳುತ್ತಾರೆ. ತೀರ್ಪುಗಳಲ್ಲಿ ಈ ಮಾತು ಮತ್ತೆ ಮತ್ತೆ ಸಿಗುತ್ತದೆ. ಆ ತಂದೆತಾಯಿಯ ಕಷ್ಟವೂ ನಿಜ. ಆದರೆ ಏಟು ತಿಂದ ಹಿರಿಯರ ಬದುಕು ಈಗ ಹೇಗಿದೆ ಎಂದು ಆ ಕೋಣೆಯಲ್ಲಿ ಹೇಳುವವರು ಯಾರು? ಅವರ ಮಾತನ್ನು ಕೇಳಲೇಬೇಕೆಂಬ ನಿಯಮವಿಲ್ಲ. ಕರ್ನಾಟಕದಿಂದಲೇ ಹೋದ ಮಲ್ಲಿಕಾರ್ಜುನ ಕೊಡಗಲಿ ಪ್ರಕರಣದ 2018ರ ತೀರ್ಪು ಬಾಧಿತರಿಗೆ ಮೇಲ್ಮನವಿಯ ಹಕ್ಕನ್ನು ಗಟ್ಟಿಗೊಳಿಸಿತು. ಶಿಕ್ಷೆ ನಿಗದಿಯ ವೇಳೆ ಅವರ ಮಾತಿಗೂ ಜಾಗವಿರಬೇಕೆಂಬ ವಿಚಾರವನ್ನು ಎತ್ತಿತು. ಅದು ಇನ್ನೂ ವಿಚಾರವಾಗಿಯೇ ಇದೆ.

ಕಲಮುಗಳು ಕೊಡುವ ಅಂತರವೂ ವಿಪರೀತ. ದರೋಡೆಯ ವೇಳೆ ಗಾಯ ಮಾಡಿದರೆ ಜೀವಾವಧಿಯೂ ಕೊಡಬಹುದು, ಹತ್ತು ವರ್ಷದೊಳಗೆ ಎಷ್ಟು ಕಡಿಮೆ ಬೇಕಾದರೂ ಕೊಡಬಹುದು. ಮಾರಕಾಸ್ತ್ರ ಬಳಸಿದರೆ ಅಥವಾ ತೀವ್ರ ಗಾಯವಾದರೆ ಮಾತ್ರ ಏಳು ವರ್ಷದ ಕನಿಷ್ಠ ಮಿತಿ. ಶಿಕ್ಷೆ ನಿಗದಿಗೆ ಮಾರ್ಗಸೂಚಿ ಬೇಕೆಂದು 2003ರಷ್ಟು ಹಿಂದೆಯೇ ಹೇಳಿದ್ದು ನಮ್ಮವರೇ ಆದ ನ್ಯಾಯಮೂರ್ತಿ ವಿ.ಎಸ್. ಮಳಿಮಠ ಅವರ ಸಮಿತಿ. ಅದಕ್ಕಾಗಿ ಶಾಸನಬದ್ಧ ಕಾಯಂ ಸಮಿತಿಯನ್ನೇ ರಚಿಸಬೇಕೆಂದು ಅದು ಶಿಫಾರಸು ಮಾಡಿತ್ತು. ಆಮೇಲೆ ಸೋಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಾನೇ ಈ ಕೊರತೆಯನ್ನು ಒಪ್ಪಿಕೊಂಡಿತು. ಮಳಿಮಠ ವರದಿಯ ಬೇರೆ ಕೆಲವು ಶಿಫಾರಸುಗಳನ್ನು ವಿರೋಧಿಸಲು ಗಟ್ಟಿ ಕಾರಣಗಳಿದ್ದವು. ಈ ಒಂದನ್ನು ಮೂಲೆಗೆ ಸರಿಸಿದ್ದಕ್ಕೆ ನನಗೆ ಒಂದು ಕಾರಣವೂ ಕಾಣುವುದಿಲ್ಲ.

ಬೇರೆ ದೇಶಗಳು ಎರಡು ದಾರಿ ಹಿಡಿದಿವೆ. ಒಂದು, ವಯಸ್ಸಿನ ಗೆರೆ ಎಳೆಯುವುದು. ಕ್ಯಾಲಿಫೋರ್ನಿಯದಲ್ಲಿ 65 ದಾಟಿದವರ ಮೇಲೆ ಗೊತ್ತಿದ್ದೂ ಕೆಲವು ಬಗೆಯ ಹಿಂಸಾಪರಾಧ ಮಾಡಿದರೆ ಸಜೆಗೆ ಇನ್ನೊಂದು ವರ್ಷ ಸೇರುತ್ತದೆ. ಎರಡನೆಯದು, ಗೆರೆ ಎಳೆಯದೆ ಪರಿಣಾಮ ನೋಡುವುದು. 2013ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ಕೆನಡಾದ ನ್ಯಾಯಾಧೀಶರು ಬಾಧಿತರ ವಯಸ್ಸು, ಆರೋಗ್ಯ, ಹಣಕಾಸಿನ ಸ್ಥಿತಿ ನೋಡಿ, ಅಪರಾಧ ಅವರ ಮೇಲೆ ಬೀರಿದ ಪರಿಣಾಮವನ್ನು ಶಿಕ್ಷೆ ಹೆಚ್ಚಿಸುವ ಅಂಶವಾಗಿ ಪರಿಗಣಿಸಲೇಬೇಕು. ಇಂಗ್ಲೆಂಡಿನಲ್ಲಿ ಕೊಲೆಗೆ ಕನಿಷ್ಠ ಅವಧಿ ಗೊತ್ತುಮಾಡುವಾಗ, ವಯಸ್ಸು ಅಥವಾ ವೈಕಲ್ಯದಿಂದ ವಿಶೇಷವಾಗಿ ದುರ್ಬಲರಾಗಿದ್ದರೇ ಎಂದು ನೋಡುತ್ತಾರೆ. ನಮಗೆ ಒಪ್ಪುವುದು ಈ ಎರಡನೆಯದು. ಬಿಸಿಲಲ್ಲಿ ಕಲ್ಲು ಒಡೆದ ಐವತ್ತೈದರ ಕೂಲಿಯಾಳು ಎಪ್ಪತ್ತರವರಂತೆ ಬಾಗಿರುತ್ತಾರೆ. ಅರವತ್ತೆರಡರಲ್ಲೂ ದಿನಾ ಮೈಲಿಗಟ್ಟಲೆ ನಡೆಯುವವರಿದ್ದಾರೆ. ಜನ್ಮದಿನಾಂಕದ ದಾಖಲೆಯೇ ಇಲ್ಲದ ಹಿರಿಯರು ಲಕ್ಷಗಟ್ಟಲೆ ಇರುವಲ್ಲಿ, ಅರವತ್ತರ ಗೆರೆ ಎಳೆದರೆ ಪಾಟೀಸವಾಲು ಆಧಾರ್ ಕಾರ್ಡಿನ ಸುತ್ತಲೇ ಸುತ್ತುತ್ತದೆ.

ಮುಂಜಾಗ್ರತೆಯ ಬಗ್ಗೆ ಒಂದೆರಡು ಮಾತು. 2007ರ ಕಾಯ್ದೆಯಡಿ ಕೇಂದ್ರ ಕೊಟ್ಟ ಮಾದರಿ ನಿಯಮಗಳಲ್ಲಿ ಪ್ರತಿ ಠಾಣೆಯೂ ತನ್ನ ಸರಹದ್ದಿನ ಹಿರಿಯರ, ಅದರಲ್ಲೂ ಒಂಟಿಯಾಗಿರುವವರ ಪಟ್ಟಿ ಇಟ್ಟುಕೊಳ್ಳಬೇಕು, ತಿಂಗಳಿಗೊಮ್ಮೆಯಾದರೂ ಭೇಟಿ ಕೊಡಬೇಕು, ಮನೆಗೆಲಸದವರ ಪೂರ್ವಾಪರ ಪರಿಶೀಲಿಸಬೇಕು ಎಂದಿದೆ. ಬೆಂಗಳೂರಿನಲ್ಲಿ ನಗರ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸೇರಿ 2002ರಲ್ಲಿ ಆರಂಭಿಸಿದ 1090 ಸಹಾಯವಾಣಿ ಹಲವು ಹಿರಿಯರಿಗೆ ಧೈರ್ಯ ಕೊಟ್ಟಿದೆ. ರಾಷ್ಟ್ರಮಟ್ಟದಲ್ಲಿ 14567 ಇದೆ.

ಅಪರಿಚಿತ ಕಳ್ಳನ ಮಾತನ್ನೇ ಇಷ್ಟು ಹೊತ್ತು ಆಡಿದೆ. ಹೆಚ್ಚು ಕಠಿಣವಾದದ್ದು ಮನೆಯೊಳಗಿನ ಕೈ.

ತಮಿಳುನಾಡಿನ ವಿರುದುನಗರ, ಮದುರೆಯ ಸುತ್ತ ‘ತಲೈಕೂತ್ತಲ್’ ಎಂಬ ಪದ್ಧತಿಯ ವರದಿಗಳು ಬಂದಿವೆ. ಹಾಸಿಗೆ ಹಿಡಿದ ಹಿರಿಯರಿಗೆ ಧಾರಾಳವಾಗಿ ಎಣ್ಣೆ ಹಚ್ಚಿ, ತಣ್ಣೀರು ಸ್ನಾನ ಮಾಡಿಸಿ, ಎಳನೀರು ಕುಡಿಸಿ, ಜ್ವರವೋ ಮೂತ್ರಪಿಂಡದ ವೈಫಲ್ಯವೋ ಬಂದು ಪ್ರಾಣ ಹೋಗುವಂತೆ ಮಾಡುವುದು. ಕಾನೂನಿನಲ್ಲಿ ಅದು ಕೊಲೆ, ಎರಡು ಮಾತಿಲ್ಲ. ಊರಿನ ಮಾತಿನಲ್ಲಿ ಅದು ಸಹಜ ಸಾವು. ದೂರು ಕೊಡುವವರಿಲ್ಲ, ಮರಣೋತ್ತರ ಪರೀಕ್ಷೆಯಿಲ್ಲ, ಹಾಗಾಗಿ ಶಿಕ್ಷೆಯ ಮಾತೇ ಏಳುವುದಿಲ್ಲ.

ಕರ್ನಾಟಕದ ಮನೆಗಳಲ್ಲಿ ನಡೆಯುವುದು ಇಷ್ಟು ಅಂತಿಮವಾದದ್ದಲ್ಲದಿರಬಹುದು. ಕುಡಿದು ಬಂದ ಮಗ ಪಿಂಚಣಿ ದುಡ್ಡಿಗೆ ಹೊಡೆಯುತ್ತಾನೆ, ಆಸ್ತಿಗೆ ಸಹಿ ಹಾಕಿಲ್ಲವೆಂದು ತಳ್ಳುತ್ತಾನೆ. ಅದು ‘ಸಾಮಾನ್ಯ ಗಾಯ’. ಗರಿಷ್ಠ ಒಂದು ವರ್ಷ, ಇಲ್ಲವೇ ಹತ್ತು ಸಾವಿರ ರೂಪಾಯಿ ದಂಡ. ಅಸಂಜ್ಞೇಯ ಅಪರಾಧವಾದ್ದರಿಂದ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ, ಗಾಯವಾದವರು ಒಪ್ಪಿದರೆ ರಾಜಿ. ಅವರು ಒಪ್ಪುತ್ತಾರೆ, ರಾತ್ರಿ ಮಲಗುವುದು ಅದೇ ಸೂರಿನಡಿ ತಾನೆ. ತಾಯಿಗೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಆಸರೆಯಿದೆ. 2016ರಲ್ಲಿ ಹಿರಲ್ ಹರ್ಸೋರಾ ತೀರ್ಪು ಬಂದ ಮೇಲೆ ಮಗನ ಮೇಲಷ್ಟೇ ಅಲ್ಲ, ಸೊಸೆ, ಮಗಳ ಮೇಲೂ ಆಕೆ ಅದರಡಿ ದೂರು ಕೊಡಬಹುದು. ತಂದೆಗೆ ಆ ಕಾಯ್ದೆ ಅನ್ವಯಿಸುವುದೇ ಇಲ್ಲ.

‘ಅವನನ್ನು ಜೈಲಿಗೆ ಹಾಕಬೇಡಿ ಸಾರ್, ಹೊಡೆಯದ ಹಾಗೆ ಮಾಡಿ’ ಎನ್ನುವ ತಂದೆತಾಯಿಗೆ ಇಂದಿನ ವ್ಯವಸ್ಥೆ ಕೊಡುವುದು ಎರಡೇ ಆಯ್ಕೆ: ಸಜೆ ಅಥವಾ ರಾಜಿ. ನಡುವೆ ಒಂದು ಹಳೆಯ ಕಾಯ್ದೆಯಿದೆ, 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ. ಗಲ್ಲು ಅಥವಾ ಜೀವಾವಧಿ ಶಿಕ್ಷೆ ಇಲ್ಲದ ಅಪರಾಧಗಳಲ್ಲಿ ಅಪರಾಧಿಯನ್ನು ಮುಚ್ಚಳಿಕೆ ಬರೆಸಿಕೊಂಡು ಪರಿವೀಕ್ಷಣಾಧಿಕಾರಿಯ ನಿಗಾದಲ್ಲಿ ಬಿಡಬಹುದು. ಎಲ್ಲಿ ವಾಸಿಸಬೇಕು, ಕುಡಿತದಿಂದ ದೂರವಿರಬೇಕು ಎಂಬ ಷರತ್ತು ಹಾಕಬಹುದು. ಗಾಯವಾದವರಿಗೆ ಪರಿಹಾರವನ್ನೂ ಕೊಡಿಸಬಹುದು. ಷರತ್ತು ಮುರಿದರೆ ಮೂಲ ಅಪರಾಧಕ್ಕೆ ಸಜೆ. ಮಗನನ್ನು ಆ ಮನೆಯಿಂದ ಹೊರಗಿಟ್ಟು, ವಾರವಾರ ಹಾಜರಿ ಹಾಕಿಸಿ, ತಂದೆಯ ಆಸ್ಪತ್ರೆ ಖರ್ಚು ಅವನಿಂದಲೇ ಕಟ್ಟಿಸುವುದು ಇಂದಿನ ಕಾನೂನಿನಲ್ಲೇ ಸಾಧ್ಯ, ಹೊಸ ಮಸೂದೆಗೆ ಕಾಯಬೇಕಾಗಿಲ್ಲ. ಅದಕ್ಕೆ ಮುನ್ನ ನ್ಯಾಯಾಲಯ ಪರಿವೀಕ್ಷಣಾಧಿಕಾರಿಯಿಂದ ವರದಿ ಕೇಳುತ್ತದೆ. ಈಗ ಆ ವರದಿ ಬಹುತೇಕ ಅಪರಾಧಿಯ ನಡತೆ, ಓದು, ಸಂಪಾದನೆಯ ಬಗ್ಗೆಯೇ ಇರುತ್ತದೆ. ಹಿರಿಯರ ಪ್ರಕರಣವಾದಾಗ ಅಧಿಕಾರಿ ಮನೆಗೆ ಹೋಗಿ, ಮಗನಿಲ್ಲದ ಹೊತ್ತಿನಲ್ಲಿ ತಂದೆತಾಯಿಯನ್ನು ಕೂರಿಸಿಕೊಂಡು ಮಾತಾಡಬೇಕು. ಪಿಂಚಣಿಯ ಎಟಿಎಂ ಕಾರ್ಡ್ ಯಾರ ಕೈಯಲ್ಲಿದೆ, ಮಾತ್ರೆ ತಂದುಕೊಡುವವರು ಯಾರು, ಅವನು ಮರಳಿ ಬಂದರೆ ರಾತ್ರಿ ಬಾಗಿಲು ಹಾಕಿಕೊಳ್ಳಲು ಒಳಗಿನಿಂದ ಚಿಲಕವಿದೆಯೇ ಎಂದು ಕೇಳಿ ಬರೆದುಕೊಳ್ಳಬೇಕು.